ಒಂಬತ್ತು ಎಸ್, ಐದು ನೋ

ಮೇಷ್ಟ್ರು ಇಂಗ್ಲಿಷ್ ವ್ಯಾಕರಣ ಕಲಿತದ್ದು ಏಟು ತಿಂದು. ಹಳ್ಳಿಯ ಶಾಲೆಯಲ್ಲಿ ಅವರಿಗೆ ಪಾಠ ಹೇಳಿದವರು ಬೆತ್ತದ ತುದಿಯಿಂದ ಕ್ರಿಯಾಪದವನ್ನು ತೋರಿಸಿ, ಅದೇ ಬೆತ್ತದಿಂದ ತಪ್ಪನ್ನು ತಿದ್ದುತ್ತಿದ್ದರು. ಹಾಗೆ ಮೈಗೆ ಹತ್ತಿದ ವಿದ್ಯೆ ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಅದರಲ್ಲೂ ಹೇಳಿಕೆಯನ್ನು ಪ್ರಶ್ನೆ ಮಾಡುವುದರಲ್ಲಿ ಮೇಷ್ಟ್ರದು ಎತ್ತಿದ ಕೈ. ನಿದ್ದೆಯಿಂದ ಎಬ್ಬಿಸಿ ಒಂದು ವಾಕ್ಯ ಕೊಟ್ಟರೂ, ಡು, ಡಸ್, ಡಿಡ್ ಮೂರರಲ್ಲಿ ಯಾವುದನ್ನು ಎಳೆದು ತಂದು ಮುಂದೆ ನಿಲ್ಲಿಸಬೇಕೆಂದು ಥಟ್ಟನೆ ಹೇಳುತ್ತಿದ್ದರು.

ಕಲಿಸುವುದರಲ್ಲಿ ಅಷ್ಟು ಗಟ್ಟಿಯಾದವರು ಕೇಳಲು ಹೋಗಿ ಕೆಟ್ಟರು. ಹದಿನೇಳು ವರ್ಷ ದುಡಿದ ಖಾಸಗಿ ಶಾಲೆಯ ಸಭೆಯಲ್ಲಿ ಎದ್ದು ನಿಂತು, "ಹೆಣ್ಣು ಮಕ್ಕಳ ಕಕ್ಕಸಿಗೆ ಯಾಕೆ ನೀರಿಲ್ಲ?" ಎಂದು ಕೇಳಿದ್ದೇ ಅವರು ಮಾಡಿದ ಅಪರಾಧ. ದನಿ ಸ್ವಲ್ಪ ಏರಿತ್ತು, ಮೇಜು ಗುದ್ದಿದ್ದೂ ನಿಜ. ಮುಂದಿನ ತಿಂಗಳು ಅವರ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ. ಆಮೇಲೆ ಮೂರು ವರ್ಷ ಮನೆಯೇ ಗತಿ. ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಗಂಡನನ್ನು ಬಿಟ್ಟು ಬಂದು ಅಣ್ಣನ ಜೊತೆಗಿದ್ದ ತಂಗಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಕೂರಿಸಿ ಇಬ್ಬರ ಹೊಟ್ಟೆಯನ್ನೂ ನೋಡಿಕೊಂಡಳು. ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ಮೇಷ್ಟ್ರು ರೇಗಿ, ಕೂಗಾಡಿ ಹಗುರಾಗುತ್ತಿದ್ದರು. ಆಡದೆ ಇದ್ದದ್ದರಿಂದ ಹೊಟ್ಟೆ ತುಂಬುವ ಮೊದಲೇ ತಟ್ಟೆ ಬಿಟ್ಟು ಏಳುತ್ತಿದ್ದರು.

ಕೊನೆಗೆ ಕೆಲಸ ಹುಡುಕಿ ತಂದವಳೂ ಅವಳೇ.

"ಅಣ್ಣ, ನಮ್ಮಲ್ಲಿ ಇಂಗ್ಲಿಷ್ ಹೇಳ್ಕೊಡೋರು ಬೇಕಂತೆ. ಹೋಗಿ ಕೇಳು. ಕೇಳೋವಾಗ ಮಾತ್ರ ಮೇಜು ಗುದ್ದಬೇಡ."

ಕಾರ್ಖಾನೆಯ ಆಫೀಸರ್ ಇನ್ನೂ ಹುಡುಗು ಮುಖದವನು. ನಡೆದರೆ ಬೂಟಿನ ಸದ್ದಾಗುತ್ತಿರಲಿಲ್ಲ, ರೇಗಿದರೂ ಮುಖದ ನಗು ಮಾಸುತ್ತಿರಲಿಲ್ಲ. ಮೇಷ್ಟ್ರ ಮುಂದೆ ಒಂದು ಹಾಳೆ ಇಟ್ಟ. ಅದರಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಅಂಗಿ ಕೊಳ್ಳುವ ದೊಡ್ಡ ಕಂಪನಿಯಿಂದ ಎರಡು ತಿಂಗಳಲ್ಲಿ ಒಬ್ಬ ಮೇಡಮ್ ತಪಾಸಣೆಗೆ ಬರುತ್ತಾರೆ, ಹೆಂಗಸರನ್ನು ಕೂರಿಸಿಕೊಂಡು ಇವೇ ಪ್ರಶ್ನೆಗಳನ್ನು ಕೇಳುತ್ತಾರೆ, ಇಂಗ್ಲಿಷಿನಲ್ಲಿ.

"ಮೊದಲ ಒಂಬತ್ತಕ್ಕೆ ಎಸ್ ಅನ್ಬೇಕು. ಕುಡಿಯೋ ನೀರು ಇದೆಯಾ, ಫ್ಯಾನ್ ಇದೆಯಾ, ರಜ ಕೊಡ್ತಾರಾ, ಇಂಥವು. ಕೊನೆ ಐದಕ್ಕೆ ನೋ. ಯಾರಾದ್ರೂ ಬೈತಾರಾ, ಬಾಗಿಲಿಗೆ ಬೀಗ ಹಾಕ್ತಾರಾ, ಯಾರಿಗಾದ್ರೂ ಹೆದರ್ತೀರಾ, ಇಂಥವು. ಅಷ್ಟೇ ಮೇಷ್ಟ್ರೇ, ನಿಮ್ಮಂಥೋರಿಗೆ ಇದು ಎಡಗೈ ಕೆಲಸ."

"ಬೀಗ ಹಾಕ್ತೀರಾ?" ಎಂದು ಮೇಷ್ಟ್ರ ಬಾಯಿಂದ ಬಂದೇಬಿಡುವುದರಲ್ಲಿತ್ತು. ಬದಲಿಗೆ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಕೆಲಸ ಸಿಕ್ಕಿತು.

ಪಾಠ ಊಟದ ಕೋಣೆಯ ದೊಡ್ಡ ಹಾಲಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಇಪ್ಪತ್ತಾರು ಹೆಂಗಸರು ಉದ್ದ ಬೆಂಚುಗಳ ಮೇಲೆ ಕೂರುತ್ತಿದ್ದರು. ಕೂದಲಲ್ಲಿ ನೂಲಿನ ಚೂರು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆ. ಬಹಳ ಜನ ನಾಲ್ಕನೆಯದೋ ಐದನೆಯದೋ ತರಗತಿಗೇ ಶಾಲೆ ಬಿಟ್ಟವರು. ಮೇಷ್ಟ್ರು ಮೊದಲ ವಾರ ವ್ಯಾಕರಣವನ್ನೇ ಹಿಡಿದರು. ಎಸ್ ವಿ ಡು, ಎಸ್ ಇಟ್ ಈಸ್, ನೋ ದೇ ಡೋಂಟ್. ಪ್ರಶ್ನೆಯ ತಲೆ ನೋಡಿ ಉತ್ತರದ ಬಾಲ ಕಟ್ಟಬೇಕು ಎಂದು ಹಲಗೆ ತುಂಬ ಬರೆದರು. ಯಾವ ಬಾಲ ಯಾವ ತಲೆಗೆ ಎಂಬುದು ಯಾರಿಗೂ ಹತ್ತಲಿಲ್ಲ. ಅಂಗಿಗೆ ಗುಂಡಿ ತೂರುವ ಕಾಜಾ ಹೊಲಿಯುವ ದಪ್ಪನೆಯ ಹೆಂಗಸೊಬ್ಬಳಿದ್ದಳು, ಎಲ್ಲರೂ ಕಾಜಕ್ಕ ಎನ್ನುತ್ತಿದ್ದರು. ಅವಳು ಆಕಳಿಸಿ ಹೇಳಿದಳು:

"ಮೇಷ್ಟ್ರೇ, ಮದುವೆ ಆದಾಗಿಂದ ಒಂದೇ ಉತ್ತರ ಹೇಳ್ಕೊಂಡು ಬಂದಿದೀನಿ, ಹೂಂ ಅಂತ. ಈಗ ಅದಕ್ಕೆ ಇಷ್ಟು ಥರ ಬಾಲ ಬೆಳೆಸು ಅಂದ್ರೆ ಎಲ್ಲಿಂದ ತರಲಿ?"

ಮೇಷ್ಟ್ರು ರೇಗಿ ಸೀಮೆಸುಣ್ಣ ಎಸೆದರು. ಎರಡನೆಯ ವಾರ ಸೋತು, "ಆಯ್ತು, ಎಸ್ ಮೇಡಮ್, ನೋ ಮೇಡಮ್ ಅನ್ನಿ ಸಾಕು" ಎಂದರು. ಹೆಂಗಸರು ಅದನ್ನು ತಮ್ಮ ಕಸುಬಿನ ದಾರಿಯಲ್ಲಿ ಕಲಿತರು. ಅಲ್ಲಿ ಎಲ್ಲವೂ ಎಣಿಕೆ. ಇಷ್ಟು ತೋಳು, ಇಷ್ಟು ಕಾಲರ್, ಒಂದು ಕಟ್ಟು ಮುಗಿದರೆ ಮೇಜಿನ ಅಂಚಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೀಟು. ಹಾಗೇ ಎಡ ಅಂಗೈಗೆ ಒಂಬತ್ತು ಗೀಟು, ಬಲ ಅಂಗೈಗೆ ಐದು. ಮೇಷ್ಟ್ರು ಒಂದು ಪ್ರಶ್ನೆ ಓದಿದಂತೆ ಒಂದು ಗೀಟು ಒರೆಸುವುದು. ಎಡಗೈ ಬರಿದಾಗುವವರೆಗೆ ಎಸ್, ಆಮೇಲೆ ನೋ. ಪ್ರಶ್ನೆ ಏನೆಂದು ಕೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಮೇಷ್ಟ್ರಿಗೆ ಇದು ಪಾಠವಲ್ಲ, ಪಾಠದ ಹೆಣ ಎಂದು ಗೊತ್ತಿತ್ತು. ಆದರೂ ಇಪ್ಪತ್ತಾರು ಬಾಯಿ ಒಂದೇ ಸಲಕ್ಕೆ ಸರಿಯಾಗಿ ತೆರೆದುಕೊಂಡಾಗ ಆಫೀಸರ್ ಬೆನ್ನು ತಟ್ಟಿದ, ಮೇಷ್ಟ್ರೂ ತಟ್ಟಿಸಿಕೊಂಡರು.

ತಂಗಿ ಮಾತ್ರ ಗೀಟು ಹಾಕಿಕೊಳ್ಳಲಿಲ್ಲ. ಒಂದು ಸಂಜೆ ಮನೆಯಲ್ಲಿ ಪಾತ್ರೆ ತೊಳೆಯುತ್ತ ಕೇಳಿದಳು:

"ಉತ್ತರ ಹೇಳೋದು ಕಲಿಸ್ತಿದೀಯ. ಕೇಳೋದು ಯಾವಾಗ ಕಲಿಸ್ತೀಯ?"

"ಕೇಳೋದು ನಿಮ್ಮ ಕೆಲಸ ಅಲ್ಲ."

"ನಾನೊಂದು ಕೇಳ್ಬೇಕು. ಆ ಮೇಡಮ್ಮನ್ನ."

"ಏನು?"

"ಹಿಂದಿನ ಬಾಗಿಲಿಗೆ ಯಾಕೆ ಬೀಗ ಹಾಕಿದಾರೆ ಅಂತ."

ಆಗ ಮೇಷ್ಟ್ರಿಗೆ ಪೂರ್ತಿ ಕಥೆ ಗೊತ್ತಾಯಿತು. ಅವರು ಕೆಲಸಕ್ಕೆ ಸೇರುವ ಮುನ್ನ ಒಂದು ದಿನ ಇಸ್ತ್ರಿ ವಿಭಾಗದಲ್ಲಿ ತಂತಿ ಕಿಡಿ ಉಗುಳಿ, ಕೆಳಗೆ ಬಿದ್ದಿದ್ದ ಚಿಂದಿಯ ರಾಶಿಗೆ ಬೆಂಕಿ ಹತ್ತಿಕೊಂಡಿತ್ತು. ಉರಿಗಿಂತ ಹೊಗೆಯೇ ಹೆಚ್ಚು. ಮುಂದಿನ ಬಾಗಿಲ ದಾರಿಗೆ ಬಟ್ಟೆಯ ಕಟ್ಟುಗಳು ಅಡ್ಡ. ಎಲ್ಲರೂ ಹಿಂದಿನ ಬಾಗಿಲಿಗೆ ಓಡಿದರೆ ಅಲ್ಲಿ ತೆಂಗಿನಕಾಯಿ ಗಾತ್ರದ ಬೀಗ. ಬಟ್ಟೆ ಕದಿಯುತ್ತಾರೆಂದು ಹಾಕಿದ್ದು. ತಳ್ಳಾಟದಲ್ಲಿ ಇಸ್ತ್ರಿ ಮಾಡುವ ಹೆಂಗಸಿನ ಬಲಗೈ ಕಾದ ಇಸ್ತ್ರಿ ಯಂತ್ರದ ತಗಡಿಗೆ ಒತ್ತಿಕೊಂಡು ಅಂಗೈ ಚರ್ಮ ಅಲ್ಲೇ ಉಳಿಯಿತು. ಯಾರೋ ನಾಲ್ಕು ಬಕೆಟ್ ನೀರು ಎರಚಿ ಉರಿ ಆರಿಸಿದರು. ಬೀಗ ಹಾಗೇ ಉಳಿಯಿತು.

"ಆಫೀಸರನ್ನೇ ಕೇಳಬಹುದಿತ್ತಲ್ಲ" ಎಂದರು ಮೇಷ್ಟ್ರು.

"ಕೇಳಿದ್ವಿ. ನಗ್ತಾ, ನೋಡೋಣ ಅಂದ. ನೋಡ್ತಾನೇ ಇದಾನೆ. ಆ ಮೇಡಮ್ ಒಂದು ಮಾತು ಅಂದ್ರೆ ಮಾರನೇ ದಿನ ಬೀಗ ಇರಲ್ಲ ಅಣ್ಣ. ಅವಳಿಗೆ ನಮ್ಮ ಭಾಷೆ ಬರಲ್ಲ. ಅದಕ್ಕೇ ನಿನ್ನ ಕೇಳ್ತಿರೋದು."

ಮಾರನೆಯ ಮಧ್ಯಾಹ್ನ ಮೇಷ್ಟ್ರು ಹಾಳೆಯನ್ನು ಜೇಬಿಗೆ ತುರುಕಿ, ಹಲಗೆಯ ಮೇಲೆ ದೊಡ್ಡದಾಗಿ ಪ್ರಶ್ನೆ ಚಿಹ್ನೆ ಬರೆದರು.

"ಇವತ್ತು ನೀವು ಕೇಳಿ. ಏನು ಬೇಕಾದ್ರೂ ಕೇಳಿ. ನಮ್ಮ ಭಾಷೇಲಿ ಹೇಳಿ, ಇಂಗ್ಲಿಷಿಗೆ ಹೇಗೆ ತರೋದು ಅಂತ ನಾನು ತೋರಿಸ್ತೀನಿ."

ಕಾಜಕ್ಕನೇ ಕಟ್ಟೆ ಒಡೆದಳು.

"ಸೂಪರ್ವೈಸರ್ ಯಾವತ್ತಾದ್ರೂ ಸ್ನಾನ ಮಾಡ್ತಾನಾ?"

ಇಡೀ ಹಾಲೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗದೆ ಬರೆದರು: ಡಸ್ ದ ಸೂಪರ್ವೈಸರ್ ಎವರ್ ಬೇತ್? ಡಸ್ ಯಾಕೆ ಮುಂದೆ ಬಂತು ಅಂದರೆ, ಅವನು ಒಬ್ಬನೇ. ಇಬ್ಬರು ಸೂಪರ್ವೈಸರುಗಳಿದ್ದರೆ ಡು.

"ಇಬ್ರೂ ಮಾಡಲ್ಲ ಬಿಡಿ" ಎಂದಳು ಯಾರೋ.

ಆಮೇಲೆ ನಿಲ್ಲಲೇ ಇಲ್ಲ. ಕಕ್ಕಸಿಗೆ ಹೋದರೆ ಯಾಕೆ ಗಡಿಯಾರ ನೋಡುತ್ತೀರಿ? ನಿನ್ನೆ ಯಾಕೆ ಬೈದಿರಿ? ನಿಮ್ಮ ಹೆಂಡತಿ ಈ ಅಂಗಿ ಹೊಲಿಯಬಲ್ಲಳೇ? ಡು, ಡಿಡ್, ಕ್ಯಾನ್, ವೈ. ವಾರಗಟ್ಟಲೆ ಹತ್ತದ ವ್ಯಾಕರಣ ಅರ್ಧ ಗಂಟೆಯಲ್ಲಿ ಹತ್ತಿತು. ಕೇಳಲು ಏನಾದರೂ ಇದ್ದರೆ ನಾಲಿಗೆ ತಾನಾಗಿ ತಿರುಗುತ್ತದೆ. ಮೇಷ್ಟ್ರ ಮುಖದ ಮೇಲೆ ಮೂರು ವರ್ಷದಿಂದ ಇಲ್ಲದ ಕಳೆ ಬಂತು. ಕೊನೆಯಲ್ಲಿ ತಂಗಿ ಎದ್ದು ತನ್ನದನ್ನು ಕೇಳಿದಳು. ಮೇಷ್ಟ್ರು ಬರೆದರು: ವೈ ಈಸ್ ದ ಬ್ಯಾಕ್ ಡೋರ್ ಲಾಕ್ಡ್? ತಂಗಿ ಅದನ್ನು ನಾಲ್ಕು ಸಲ ಹೇಳಿದಳು. ಇಸ್ತ್ರಿಯವಳು, ಅಂಗೈ ಸುಟ್ಟವಳು, ತುಟಿ ಅಲ್ಲಾಡಿಸುತ್ತ ಜೊತೆಗೆ ಹೇಳಿದಳು.

ಹಿಂದೆ ತಿರುಗಿದರೆ ಆಫೀಸರ್ ನಿಂತಿದ್ದ. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ಹಲಗೆಯನ್ನು ಮೇಲಿನಿಂದ ಕೆಳಗೆ ಓದಿ, ಬಟ್ಟೆ ತೆಗೆದುಕೊಂಡು ತಾನೇ ಒರೆಸಿದ.

"ಚೆನ್ನಾಗಿ ಕಲಿಸ್ತೀರಿ ಮೇಷ್ಟ್ರೇ" ಎಂದ ಹೊರಗೆ ಕರೆದುಕೊಂಡು ಹೋಗಿ. "ನಿಮ್ಮ ಹಳೇ ಶಾಲೆಯವರನ್ನ ವಿಚಾರಿಸಿದ್ದೆ. ಕೇಳೋದರಲ್ಲಿ ನೀವು ಗಟ್ಟಿ ಅಂದ್ರು. ನೋಡಿ, ಕೇಳೋರು ಬೇರೆ ಇದಾರೆ, ಅವರು ವಿಮಾನದಲ್ಲಿ ಬರ್ತಾರೆ. ನಮ್ಮದು ಉತ್ತರ. ನಿಮ್ಮ ತಂಗಿಯೂ ಇಲ್ಲೇ ಕೆಲಸ ಮಾಡ್ತಾರೆ ಅಲ್ವಾ?"

ಇಷ್ಟನ್ನೂ ನಗುತ್ತಲೇ ಹೇಳಿದ. ಮೇಷ್ಟ್ರ ಕೈ ಮುಷ್ಟಿಯಾಯಿತು. ಹತ್ತಿರದಲ್ಲಿ ಗುದ್ದಲು ಮೇಜು ಇರಲಿಲ್ಲ. ಇದ್ದಿದ್ದರೂ ಗುದ್ದುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಮುಷ್ಟಿಯನ್ನು ಜೇಬಿಗೆ ಹಾಕಿ ಅದೇ ಹಾಳೆಯನ್ನು ಹೊರತೆಗೆದರು. ಅಂದಿನಿಂದ ತಪಾಸಣೆಯ ದಿನದವರೆಗೆ ಒಂಬತ್ತು ಎಸ್, ಐದು ನೋ.

ಮೇಡಮ್ ಬಂದದ್ದು ಮಂಗಳವಾರ ಬೆಳಗ್ಗೆ. ನರೆಗೂದಲಿನ, ಆಯಾಸದ ಕಣ್ಣಿನ ಹೆಂಗಸು. ಮೊಣಕಾಲು ನೋವಿತ್ತೋ ಏನೋ, ಕೂರುವಾಗ ಮೇಜು ಹಿಡಿದು ಕೂತಳು. ಆಫೀಸರ್ ಬಾಗಿಲ ಬಳಿ ನಿಂತ. ಭಾಷೆಗೆ ತೊಂದರೆಯಾದರೆ ಇರಲಿ ಎಂದು ಮೇಷ್ಟ್ರನ್ನು ಆಕೆಯ ಪಕ್ಕ ಕೂರಿಸಿದ್ದ. ಬೆಂಚುಗಳ ಮೇಲೆ ಇಪ್ಪತ್ತಾರು ಜನ, ಅಂಗೈಗಳು ಮಡಿಲಲ್ಲಿ. ಇಸ್ತ್ರಿಯವಳ ಸುಟ್ಟ ಬಲ ಅಂಗೈ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ, ಅವಳು ಐದು ಗೀಟುಗಳನ್ನು ಮಣಿಕಟ್ಟಿಗೆ ಹಾಕಿಕೊಂಡಿದ್ದಳು.

ಮೇಡಮ್ ಹಾಳೆ ತೆಗೆದು, ಎಲ್ಲ ಕಾರ್ಖಾನೆಗಳಲ್ಲೂ ಮೇಲಿನಿಂದ ಕೇಳಿ ಕೇಳಿ ಸಾಕಾಗಿದೆ, ಇವತ್ತು ಕೆಳಗಿನಿಂದ ಶುರು ಮಾಡುತ್ತೇನೆ ಎಂದಳು. ಇಂಗ್ಲಿಷಿನಲ್ಲಿ ಹೇಳಿದ ಆ ಮಾತು ಅರ್ಥವಾದದ್ದು ಮೂವರಿಗೆ. ಮೇಷ್ಟ್ರಿಗೆ, ಆಫೀಸರನಿಗೆ, ಅರ್ಧಂಬರ್ಧ ತಂಗಿಗೆ. ತಡೆಯುವಷ್ಟು ಹೊತ್ತು ಇರಲಿಲ್ಲ.

ನಿಮಗೆ ಇಲ್ಲಿ ಯಾರದಾದರೂ ಹೆದರಿಕೆ ಇದೆಯೇ?

"ಎಸ್ ಮೇಡಮ್" ಎಂದವು ಇಪ್ಪತ್ತೈದು ಬಾಯಿಗಳು, ಒಂದೊಂದು ಗೀಟು ಒರೆಸುತ್ತ.

ಮೇಡಮ್ ಕನ್ನಡಕ ಸರಿಮಾಡಿಕೊಂಡಳು. ಕೆಲಸದ ಹೊತ್ತಿನಲ್ಲಿ ಯಾವುದಾದರೂ ಬಾಗಿಲಿಗೆ ಬೀಗ ಹಾಕುತ್ತಾರೆಯೇ?

"ಎಸ್ ಮೇಡಮ್."

ಬೈಯುತ್ತಾರೆಯೇ? ಎಸ್ ಮೇಡಮ್. ರಜದ ದಿನ ಬಲವಂತವಾಗಿ ದುಡಿಸುತ್ತಾರೆಯೇ? ಎಸ್ ಮೇಡಮ್. ಗಾಯವಾದರೆ ಮುಚ್ಚಿಡುತ್ತಾರೆಯೇ? ಎಸ್ ಮೇಡಮ್. ಮೇಡಮ್ಮಿನ ಪೆನ್ನು ಓಡುತ್ತಿತ್ತು. ಆಫೀಸರನ ನಗು ಮೊದಲ ಸಲ ಮುಖದಿಂದ ಇಳಿಯಿತು. ಮೇಷ್ಟ್ರ ಬೆನ್ನಿನಲ್ಲಿ ಬೆವರು ಹರಿಯಿತು. ಅದರ ಜೊತೆಗೇ ಒಂದು ಕಳ್ಳ ಸುಖವೂ ಆಯಿತು. ತಾವು ಕಲಿಸಿದ ಸುಳ್ಳುಗಳೆಲ್ಲ ತಲೆಕೆಳಗಾಗಿ ನಿಂತು ನಿಜ ಹೇಳುತ್ತಿದ್ದವು.

ಆ ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಮೇಡಮ್ ಮೇಲಕ್ಕೆ ಏರುತ್ತ ಹೋದಳು, ಎಡಗೈ ಬರಿದಾಯಿತು. ರಜ ಕೊಡುತ್ತಾರೆಯೇ? ನೋ ಮೇಡಮ್. ಫ್ಯಾನ್ ಇದೆಯೇ? ನೋ ಮೇಡಮ್. ತಲೆಯ ಮೇಲೆ ಎಂಟು ಫ್ಯಾನುಗಳು ಗಿರಗಿರ ತಿರುಗುತ್ತಿದ್ದವು. ಕುಡಿಯಲು ನೀರು ಸಿಗುತ್ತದೆಯೇ?

"ನೋ ಮೇಡಮ್" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ ಕಾಜಕ್ಕ, ಒಣಗಿದ ಗಂಟಲಿಗೆ ಮುಂದಿದ್ದ ಜಗ್ಗಿನಿಂದ ಗಟಗಟ ನೀರು ಕುಡಿದಳು.

ಮೇಡಮ್ ನಕ್ಕುಬಿಟ್ಟಳು. ಕೆಟ್ಟ ನಗುವಲ್ಲ, ದಣಿದವರ ನಗು. ಬರೆದದ್ದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು ಪೆನ್ನಿನ ಮುಚ್ಚಳ ಹಾಕಿದಳು. ಆಫೀಸರನ ಮುಖಕ್ಕೆ ರಕ್ತ ವಾಪಸು ಬಂತು.

ಆಗ ತಂಗಿ ಎದ್ದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು. ದನಿ ಮಾತ್ರ ನಡುಗಲಿಲ್ಲ.

"ಮೇಡಮ್, ವೈ ಈಸ್ ದ ಬ್ಯಾಕ್ ಡೋರ್ ಲಾಕ್ಡ್?"

ಒಂದೊಂದು ಪದವೂ ತನ್ನ ಜಾಗದಲ್ಲಿ ಕೂತಿತ್ತು. ಹದಿನೇಳು ವರ್ಷ ಪಾಠ ಹೇಳಿದರೂ ಅಷ್ಟು ನೆಟ್ಟಗಿನ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯ ಬಾಯಲ್ಲೂ ಮೇಷ್ಟ್ರು ಕೇಳಿರಲಿಲ್ಲ. ಮೇಡಮ್ ತಲೆ ಎತ್ತಿದಳು. ಮೇಜು ಹಿಡಿದು ಕುರ್ಚಿಯಿಂದ ಅರ್ಧ ಎದ್ದಳು. ಕಣ್ಣುಗಳು ಹಿಂದಿನ ಬಾಗಿಲು ಎಲ್ಲಿದೆಯೆಂದು ಹುಡುಕಿದವು. ಆಮೇಲೆ, ಈಗಷ್ಟೇ ಕೇಳಿದ ಹದಿನಾಲ್ಕು ಉತ್ತರಗಳು ನೆನಪಾಗಿರಬೇಕು, ಮೇಷ್ಟ್ರ ಕಡೆ ತಿರುಗಿದಳು. ತಾನು ಏನು ಕೇಳುತ್ತಿದ್ದೇನೆಂದು ಇವಳಿಗೆ ಗೊತ್ತೇ, ಅಥವಾ ಇದೂ ಬಾಯಿಪಾಠವೇ ಎಂದು ಕೇಳಿದಳು.

ಇಪ್ಪತ್ತಾರು ಜನ ಮೇಷ್ಟ್ರನ್ನು ನೋಡಿದರು. ಬಾಗಿಲಿನಿಂದ ಆಫೀಸರೂ ನೋಡಿದ. ಒಂದೇ ಒಂದು ಎಸ್ ಅನ್ನಬೇಕಿತ್ತು. ಹಿಂದಿನ ಬಾಗಿಲು ಅಲ್ಲಿಗೆ ನಲವತ್ತು ಹೆಜ್ಜೆ. ಮೇಡಮ್ ನಡೆದು ಹೋಗಿ ಕಣ್ಣಾರೆ ನೋಡುತ್ತಿದ್ದಳು. ಮೇಷ್ಟ್ರಿಗೆ ಹಳೆಯ ಶಾಲೆಯ ಸಭೆ ಕಣ್ಣಿಗೆ ಬಂತು. ಹಗಲು ಹೊತ್ತು ಮನೆಯಲ್ಲಿ ಕೂತು ಗೋಡೆ ನೋಡಿದ ಮೂರು ವರ್ಷ ಬಂತು. ಬಾಯಿ ತಾನೇ ತೆರೆದುಕೊಂಡಿತು.

"ನೋ ಮೇಡಮ್. ಶಿ ಈಸ್ ಓನ್ಲಿ ಪ್ರಾಕ್ಟೀಸಿಂಗ್."

ಅವಳು ಬರೀ ಅಭ್ಯಾಸ ಮಾಡುತ್ತಿದ್ದಾಳೆ. ಮೇಡಮ್ ಮತ್ತೆ ಕೂತಳು. ತಂಗಿಯ ಕಡೆ ನೋಡಿ, ಚಿಕ್ಕ ಮಗುವಿಗೆ ಹೇಳುವಂತೆ, ವೆರಿ ಗುಡ್ ಎಂದಳು.

ಸಂಜೆ ಮನೆಯಲ್ಲಿ ತಂಗಿ ಎಂದಿನಂತೆ ಅಡುಗೆ ಮಾಡಿದಳು, ಎಂದಿನಂತೆ ಬಡಿಸಿದಳು. ಮೇಷ್ಟ್ರಿಗೆ ಅದೇ ತಡೆಯಲಾಗಲಿಲ್ಲ.

"ಬೈದುಬಿಡು. ಸುಮ್ನೆ ಬಡಿಸಬೇಡ."

"ಇನ್ನೊಂದು ಸೌಟು ಹಾಕ್ಲಾ?"

"ನಾನು ಎಸ್ ಅಂದಿದ್ರೆ ನಾಳೆ ಇಬ್ರೂ ಬೀದೀಲಿ ಇರ್ತಿದ್ವಿ. ಗೊತ್ತಾ? ನೀನು ನನ್ನ ಸಾಕಿದ್ದು ಸಾಲದು ಅಂತ ಇಬ್ರೂ ಸೇರಿ ಯಾರನ್ನ ಬೇಡ್ಬೇಕಿತ್ತು? ಏನು ಮಾಡ್ಬೇಕಿತ್ತು ನಾನು, ಹೇಳು." ದನಿ ಏರುತ್ತ ಹೋಯಿತು. ತಟ್ಟೆ ಪಕ್ಕದ ನೆಲವನ್ನು ಗುದ್ದಿದರು.

ತಂಗಿ ಸೌಟು ಕೆಳಗಿಟ್ಟಳು.

"ಅಣ್ಣ, ಅಲ್ಲಿದ್ದ ಉಳಿದೋರಿಗೆ ನೀನೇನು ಹೇಳಿದೆ ಅಂತ ಗೊತ್ತಾಗಲಿಲ್ಲ. ಕಾಜಕ್ಕ ಇನ್ನೂ, ನಿಮ್ಮಣ್ಣ ನಮ್ಮ ಪರ ಮಾತಾಡಿದ್ರು ಅಂತಾನೇ ತಿಳ್ಕೊಂಡಿದಾಳೆ. ನಂಗೊಬ್ಳಿಗೆ ಗೊತ್ತಾಯ್ತು. ಗೊತ್ತಾಗೋ ಅಷ್ಟು ನೀನೇ ಕಲಿಸಿದ್ದೆ."

"ಅವರಿಗೆ ಹೇಳಿದೆಯಾ?"

"ಇಲ್ಲ. ಏನಂತ ಹೇಳಲಿ?"

ಮೇಷ್ಟ್ರು ತಲೆ ತಗ್ಗಿಸಿ ಉಂಡರು. ಅವಳು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಮಾರನೆಯ ದಿನದಿಂದ ಕಾಜಕ್ಕ ಎದುರಾದಾಗಲೆಲ್ಲ ನಿಂತು, "ಪಾಪ, ನಮಗೋಸ್ಕರ ಒಂದು ಮಾತಾಡಿದ್ರಿ" ಎನ್ನುತ್ತಿದ್ದಳು. ಇಸ್ತ್ರಿಯವಳು ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು ನಮಸ್ಕಾರದಂತೆ ತಲೆ ಬಾಗಿಸುತ್ತಿದ್ದಳು. ಬೀಗ ಯಾವತ್ತು ತೆಗೀತಾರಂತೆ ಎಂದು ಅವಳು ಕೇಳಿದರೆ, ಮೇಷ್ಟ್ರು "ನೋಡೋಣ" ಎನ್ನುತ್ತಿದ್ದರು. ಹಾಗೆಂದ ಮೇಲೆ ಆ ಮಾತು ಎಲ್ಲಿ ಕೇಳಿದ್ದು ಎಂದು ನೆನಪಾಗಿ ಹಲ್ಲು ಕಡಿಯುತ್ತಿದ್ದರು.

ಮೂರು ವಾರಕ್ಕೆ ಮೇಡಮ್ಮಿನ ವರದಿ ಬಂತು. ಕಾರ್ಖಾನೆ ಪಾಸಾಗಿತ್ತು. ಕೆಲಸಗಾರರಿಗೆ ಇಂಗ್ಲಿಷ್ ಇನ್ನೂ ಸಾಲದು, ಆದರೆ ಪ್ರಶ್ನೆ ಕೇಳುವ ಉತ್ಸಾಹವಿದೆ, ಅದನ್ನು ಬೆಳೆಸಬೇಕು ಎಂದು ಮೆಚ್ಚಿ ಬರೆದಿದ್ದಳು. ಮೇಷ್ಟ್ರ ಕೆಲಸ ಇನ್ನೊಂದು ವರ್ಷಕ್ಕೆ ಗಟ್ಟಿಯಾಯಿತು. ಆಫೀಸರ್ ಹೊಸ ಹಾಳೆ ಕೊಟ್ಟ. ಈಗ ಪ್ರಶ್ನೆಗಳು ಹದಿನೈದು. ಯಾವ ಕಡೆಯಿಂದ ಕೇಳಿದರೂ ಸರಿ ಬರಬೇಕು, ಗೀಟು ಗೀಟು ಎಲ್ಲ ಬೇಡ ಎಂದ.

ಮೂರು ಗಂಟೆಗೆ ಹಾಲಿನಲ್ಲಿ ಎಲ್ಲರೂ ಕೂತರು. ತಂಗಿ ಮೊದಲ ಬೆಂಚಿನಲ್ಲಿ. ಈ ನಡುವೆ ಅವಳ ಮಿಷಿನ್ನನ್ನು ಹಿಂದಿನ ಗೋಡೆಯ ಮೂಲೆಗೆ, ಆ ಬಾಗಿಲಿನ ಪಕ್ಕಕ್ಕೇ ಹಾಕಿದ್ದರು. ಬೀಗಕ್ಕೆ ಎಣ್ಣೆ ಬಿಟ್ಟಿದ್ದಾರೆ ಎಂದು ಅವಳೇ ಮನೆಯಲ್ಲಿ ಹೇಳಿದ್ದಳು, ಇವತ್ತು ಸೆಕೆ ಜಾಸ್ತಿ ಎನ್ನುವ ದನಿಯಲ್ಲಿ. ಆಫೀಸರ್ ಸದ್ದಿಲ್ಲದೆ ಬಂದು ಕಂಬಕ್ಕೆ ಒರಗಿ ನಿಂತ. ಮೇಷ್ಟ್ರು ಹೊಸದಾಗಿ ಸೇರಿದ ಪ್ರಶ್ನೆಯನ್ನು ಓದಿದರು.

"ಆರ್ ಯು ಫ್ರೀ ಟು ಆಸ್ಕ್ ಕ್ವೆಶ್ಚನ್ಸ್?"

"ಏನಂದ್ರೆ ಮೇಷ್ಟ್ರೇ?" ಎಂದಳು ಕಾಜಕ್ಕ.

"ಪ್ರಶ್ನೆ ಕೇಳೋಕೆ ನಿಮಗೆ ಇಲ್ಲಿ ಸ್ವಾತಂತ್ರ್ಯ ಇದೆಯಾ ಅಂತ."

"ಇದಕ್ಕೇನು, ಎಸ್ಸೋ ನೋನೋ?"

ಮೇಷ್ಟ್ರು ಹಲಗೆಗೆ ತಿರುಗಿ ಉತ್ತರ ಬರೆದರು. ಸೀಮೆಸುಣ್ಣ ಕಿರ್ರೆಂದಿತು. ಇಪ್ಪತ್ತಾರು ಬಾಯಿಗಳು ಒಟ್ಟಿಗೆ ಎಸ್ ಮೇಡಮ್ ಎಂದವು. ತಂಗಿಯ ಉಚ್ಚಾರ ಎಲ್ಲರಿಗಿಂತ ಸ್ಪಷ್ಟವಾಗಿತ್ತು. ಆಫೀಸರ್ ಕೈಸನ್ನೆಯಲ್ಲಿ ಇನ್ನೊಮ್ಮೆ ಎಂದ.

"ಇನ್ನೊಂದ್ಸಲ ಹೇಳ್ಬೇಕಾ ಅಣ್ಣ?" ಎಂದು ತಂಗಿ ಕೇಳಿದಳು. ಆ ಹಾಲಿನಲ್ಲಿ ಅಷ್ಟು ದಿನ ಅವಳು ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದಳು.

ಮೇಷ್ಟ್ರು ಅವಳ ಕಡೆ ನೋಡಲಿಲ್ಲ.

"ಹೇಳಿ" ಎಂದರು.

ಹೇಳಿದರು.